ನಲ್ಲಿ ಒಂದೇ, ಒಲೆ ಬೇರೆ
ರಾತ್ರಿ ಒಂದು ಗಂಟೆ. ಬಸವನಗುಡಿಯಲ್ಲಿ ಮಳೆ ಈಗ ನಿಂತಿದೆ. ನಾನಿನ್ನೂ ಸರ್ವರ್ ಮುಂದೆ ಕೂತಿದ್ದೇನೆ.

ನಾಲ್ಕು ಜನ ಗೆಳೆಯರು ಸೇರಿ ಬಾಡಿಗೆಗೆ ತೆಗೆದುಕೊಂಡ ಸರ್ವರ್ ಇದು. ಸಂಜೆ ನನ್ನ ಆ್ಯಪ್‌ಗೆ ಅಂತ ಜಾಂಗೋದ (ಪೈಥಾನ್ ಭಾಷೆಯಲ್ಲಿ ವೆಬ್ ಆ್ಯಪ್ ಕಟ್ಟುವ ಪ್ಯಾಕೇಜ್) ಹೊಸ ಆವೃತ್ತಿ ಹಾಕಿದೆ. ಅದೇ ಸರ್ವರ್‌ನಲ್ಲಿದ್ದ ಗೆಳತಿಯ ಆ್ಯಪ್ ಬಿದ್ದುಹೋಯಿತು. ಅವಳ ಸಂಗೀತ ಪಾಠದ ಮಕ್ಕಳ ಹಾಜರಿ ಎಲ್ಲ ಅದರಲ್ಲೇ ಇತ್ತು. ತುಂಬಾ ಬೇಜಾರಾಯಿತು.

ಎಲ್ಲರೂ ಒಂದೇ ಪೈಥಾನ್‌ಗೆ ಪ್ಯಾಕೇಜ್ ತುಂಬಿದರೆ ಹೀಗೇ ಅಲ್ವಾ? ಅಲ್ಲಿ ಒಂದು ಪ್ಯಾಕೇಜಿನ ಒಂದೇ ಆವೃತ್ತಿಗೆ ಜಾಗ. ನಾನು ಹೊಸದು ಹಾಕಿದಾಗ ಅವಳ ಆ್ಯಪ್‌ಗೆ ಬೇಕಿದ್ದ ಹಳೆಯದು ಹೋಯಿತು. ಪ್ರತಿ ಆ್ಯಪ್‌ನ ಪ್ಯಾಕೇಜ್‌ಗಳನ್ನು ಬೇರೆ ಬೇರೆ ಇಡುವ ವೆನ್ವ್ 2012ರಲ್ಲೇ ಪೈಥಾನ್ 3.3ರ ಜೊತೆ ಬಂದಿದೆ. 2023ರ ಡೆಬಿಯನ್ 12ರಲ್ಲಂತೂ (ಲಿನಕ್ಸ್‌ನ ಒಂದು ಬಗೆ) ಸಿಸ್ಟಮ್ ಪೈಥಾನ್‌ಗೆ ಸುಮ್ನೆ ಪಿಪ್ ಇನ್‌ಸ್ಟಾಲ್ (ಪ್ಯಾಕೇಜ್ ಹಾಕುವ ಆಜ್ಞೆ) ಅಂದರೆ ಒಪ್ಪುವುದೇ ಇಲ್ಲ. ನಮ್ಮದು ಅದಕ್ಕಿಂತ ಹಳೆಯದು.

ಈಗ ಪ್ರತಿ ಆ್ಯಪ್‌ಗೂ ಅದರದ್ದೇ ವೆನ್ವ್, ಅದರದ್ದೇ ಯೂಸರ್, ಆ್ಯಪ್ ಓಡಿಸಲು ಅದರದ್ದೇ ಗುನಿಕಾರ್ನ್. ಮುಂದೆ, ಬಂದ ಕೋರಿಕೆಗಳನ್ನು ಆಯಾ ಆ್ಯಪ್‌ಗೆ ಕಳಿಸಲು, ಎಲ್ಲರಿಗೂ ಒಂದೇ ಎಂಜಿನ್‌ಎಕ್ಸ್. ಬೇಕಾದ ಪ್ಯಾಕೇಜ್‌ಗಳ ಪಟ್ಟಿ ಇರುವ ರಿಕ್ವೈರ್‌ಮೆಂಟ್ಸ್ ಫೈಲಿನ ಪ್ರತಿ ಸಾಲಿನಲ್ಲೂ ಎರಡು ಸಮ ಚಿಹ್ನೆ ಹಾಕಿ ಆವೃತ್ತಿ ಬರೆದಿದ್ದೇನೆ.

ಚಾಮರಾಜಪೇಟೆಯ ವಠಾರದಲ್ಲಿದ್ದ ಅಜ್ಜಿ ನೆನಪಾದರು. ಅಂಗಳದ ನಲ್ಲಿ ಎಲ್ಲರಿಗೂ ಒಂದೇ, ಒಲೆ ಮಾತ್ರ ಮನೆಗೊಂದು. ಪಕ್ಕದ ಮನೆಯವರ ಸಾರಿಗೆ ಯಾರೂ ಉಪ್ಪು ಹಾಕುತ್ತಿರಲಿಲ್ಲ.

ಹಾಜರಿ ಪುಟ ತೆರೆಯಿತು! ಅವಳಿಗೆ ಮೆಸೇಜ್ ಹಾಕಿದ್ದೇನೆ. ಬೆಳಗ್ಗೆ ಆರಕ್ಕೇ ಪಾಠ ಇದೆ.