‘ನಿಮಗೇನು ಬೇಕು?’ ಎಂದು ಕೇಳಿದ ಅಪರಿಚಿತ

ಬ್ಯಾಬಿಲಾನ್ 5 ಧಾರಾವಾಹಿಯ ಮೊದಲ ಸೀಸನ್ನಿನ ಹದಿಮೂರನೆಯ ಕಂತು 1994ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಪ್ರಸಾರವಾಯಿತು. ಅದಕ್ಕೆ ಶಕುನ, ಮುನ್ಸೂಚನೆ ಎಂಬ ಅರ್ಥ ಬರುವ ‘ಸೈನ್ಸ್ ಆ್ಯಂಡ್ ಪೋರ್ಟೆಂಟ್ಸ್’ (Signs and Portents) ಎಂಬ ಹೆಸರಿದೆ. ಧಾರಾವಾಹಿಯನ್ನು ರೂಪಿಸಿದ ಜೆ. ಮೈಕಲ್ ಸ್ಟ್ರಾಜಿನ್ಸ್‌ಕಿ ಅವರು ಇಡೀ ಮೊದಲ ಸೀಸನ್ನಿಗೂ ಇದೇ ಹೆಸರನ್ನು ಇಟ್ಟಿದ್ದಾರೆ. ಅವರ ಲೆಕ್ಕದಲ್ಲಿ ಈ ಒಂದು ಕಂತಿಗೆ ಎಷ್ಟು ತೂಕವಿತ್ತು ಎಂಬುದು ಅಷ್ಟರಿಂದಲೇ ತಿಳಿಯುತ್ತದೆ. ನಾನು ಇದನ್ನು ನೋಡಿದ್ದು ಬಹಳ ವರ್ಷಗಳ ನಂತರ, ಬೆಂಗಳೂರಿನಲ್ಲಿ, ಮಳೆ ಹಿಡಿದಿದ್ದ ಒಂದು ಭಾನುವಾರ. ಹೊನ್ನಾವರದ ಕಡೆಯಿಂದ ನೆಂಟರ ಮದುವೆಗೆಂದು ಬಂದಿದ್ದ ನನ್ನ ದೊಡ್ಡಪ್ಪ ಜೊತೆಗಿದ್ದರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಅವರಿಗೆ ಸಂಭಾಷಣೆ ಅರ್ಥವಾಗುತ್ತಿತ್ತು; ಅದಕ್ಕಿಂತ ಮುಖ್ಯವಾಗಿ, ಆಯುಷ್ಯದ ಅರ್ಧ ರಾತ್ರಿಗಳನ್ನು ತಾಳಮದ್ದಳೆಯ ಮುಂದೆ ಕಳೆದವರಾದ್ದರಿಂದ ಮಾತನ್ನು ಹೇಗೆ ಕೇಳಬೇಕೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕಥೆ ನಡೆಯುವುದು 2258ರಲ್ಲಿ. ಬ್ಯಾಬಿಲಾನ್ 5 ಎಂಬುದು ಐದು ಮೈಲಿ ಉದ್ದದ ಬಾಹ್ಯಾಕಾಶ ನಿಲ್ದಾಣ. ತನ್ನ ಅಕ್ಷದ ಸುತ್ತ ತಿರುಗುತ್ತಾ ಒಳಗಿನವರಿಗೆ ನೆಲದ ಮೇಲೆ ನಿಂತ ಅನುಭವ ಕೊಡುವ ಆ ಉರುಳೆಯೊಳಗೆ ಮನುಷ್ಯರೂ ಅನ್ಯಗ್ರಹದವರೂ ಸೇರಿ ಎರಡೂವರೆ ಲಕ್ಷ ಜನ ವಾಸಿಸುತ್ತಾರೆ. ಭೂಮಿಗೂ ಮಿನ್ಬಾರಿ ಎಂಬ ಜನಾಂಗಕ್ಕೂ ನಡೆದ ಯುದ್ಧದಲ್ಲಿ ಮನುಷ್ಯಕುಲವೇ ಅಳಿದುಹೋಗುವ ಹಂತಕ್ಕೆ ಬಂದಿದ್ದರಿಂದ, ಇನ್ನು ಮುಂದೆ ಜಗಳಗಳನ್ನು ಮಾತಿನಲ್ಲೇ ಬಗೆಹರಿಸಿಕೊಳ್ಳೋಣ ಎಂದು ಕಟ್ಟಿದ ತಾಣವಿದು. ಇದಕ್ಕೂ ಮೊದಲು ಕಟ್ಟಿದ ಮೂರು ನಿಲ್ದಾಣಗಳು ವಿಧ್ವಂಸಕ ಕೃತ್ಯಕ್ಕೆ ಬಲಿಯಾಗಿ, ನಾಲ್ಕನೆಯದು ಕಣ್ಮರೆಯೇ ಆಗಿಹೋಯಿತು ಎಂದಾಗ ದೊಡ್ಡಪ್ಪ, ‘ಆದರೂ ಐದನೆಯದನ್ನು ಕಟ್ಟಿದರಲ್ಲ, ಅದು ದೊಡ್ಡದು’ ಎಂದರು.

ಹಿನ್ನೆಲೆಯಾಗಿ ನಾನು ಅವರಿಗೆ ಹೇಳಬೇಕಾದ ಇನ್ನೊಂದು ಸಂಗತಿ ಇಬ್ಬರು ರಾಯಭಾರಿಗಳದ್ದು. ಸೆಂಟಾರಿ ಗಣರಾಜ್ಯದ ಲೋಂಡೋ ಮೊಲಾರಿ ಇಳಿಗಾಲದ ಸಾಮ್ರಾಜ್ಯವೊಂದರ ಪ್ರತಿನಿಧಿ. ಕುಡಿತ, ಜೂಜು, ಹಳೆಯ ವೈಭವದ ನೆನಪು, ಇವುಗಳಲ್ಲಿ ದಿನ ದೂಡುವವನು. ನಾರ್ನ್ ಜನಾಂಗದ ಜಿಕಾರ್‌ಗೆ ಅವನನ್ನು ಕಂಡರಾಗದು, ಏಕೆಂದರೆ ಸೆಂಟಾರಿಗಳು ನಾರ್ನ್ ನೆಲವನ್ನು ದೀರ್ಘಕಾಲ ವಶದಲ್ಲಿಟ್ಟುಕೊಂಡು ಅಲ್ಲಿನ ಜನರನ್ನು ಆಳುಗಳಂತೆ ದುಡಿಸಿಕೊಂಡಿದ್ದರು. ಈ ಕಂತಿನಲ್ಲಿ ಇಬ್ಬರೂ ಲಿಫ್ಟಿನ ಮುಂದೆ ನಿಂತು ನಾನು ಮೊದಲು, ತಾನು ಮೊದಲು ಎಂದು ಜಗಳವಾಡುತ್ತಿರುವಾಗ ಲಿಫ್ಟು ಬೇರೆಯವರನ್ನು ಹತ್ತಿಸಿಕೊಂಡು ಹೊರಟುಹೋಗುತ್ತದೆ. ದೊಡ್ಡಪ್ಪ ಮನಸಾರೆ ನಕ್ಕರು. ಪೀಟರ್ ಜುರಾಸಿಕ್ ಅವರ ಅಭಿನಯದ ಲೋಂಡೋನನ್ನು ಯಾರಿಗಾದರೂ ಪ್ರೀತಿಸಬೇಕೆನಿಸುತ್ತದೆ, ಮತ್ತು ಮುಂದಿನದೆಲ್ಲ ನಿಂತಿರುವುದು ನಮ್ಮ ಆ ಪ್ರೀತಿಯ ಮೇಲೆಯೇ.

ಆಮೇಲೆ ಮೋರ್ಡನ್ ಬರುತ್ತಾನೆ. ಒಪ್ಪವಾಗಿ ತಲೆ ಬಾಚಿಕೊಂಡ, ಸೂಟು ತೊಟ್ಟ, ನಗುಮುಖದ ಈ ಮನುಷ್ಯ ಒಬ್ಬೊಬ್ಬ ರಾಯಭಾರಿಯನ್ನೂ ಹುಡುಕಿಕೊಂಡು ಹೋಗಿ ಕೇಳುವುದು ಒಂದೇ ಪ್ರಶ್ನೆ: ‘ನಿಮಗೇನು ಬೇಕು?’ ಜಿಕಾರ್ ಮೊದಲು ತಳ್ಳಿಹಾಕಿದರೂ, ಕೊನೆಗೆ ಸೆಂಟಾರಿಗಳನ್ನು ಹೆಸರಿಲ್ಲದಂತೆ ಅಳಿಸಿಹಾಕಬೇಕು ಎನ್ನುತ್ತಾನೆ. ‘ಅದಾದ ಮೇಲೆ?’ ಎಂದರೆ ಅವನ ಬಳಿ ಉತ್ತರವಿಲ್ಲ. ತನ್ನ ನಾಡು ಸುರಕ್ಷಿತವಾಗಿದ್ದರೆ ಸಾಕು, ಉಳಿದದ್ದು ತನಗೆ ಮುಖ್ಯವಲ್ಲ ಎಂಬ ಭಾವ ಅವನದು. ಮೋರ್ಡನ್ ಸುಮ್ಮನೆ ಹೊರಟುಬಿಡುತ್ತಾನೆ. ಮಿನ್ಬಾರಿಗಳ ರಾಯಭಾರಿ ಡೆಲೆನ್‌ಳ ಎದುರು ಬಂದಾಗಲಂತೂ ಅವಳ ಹಣೆಯ ಮೇಲೆ ತ್ರಿಕೋನವೊಂದು ಬೆಳಗುತ್ತದೆ. ಅವಳು ಅದನ್ನು ಕೈಯಿಂದ ಮುಚ್ಚಿಕೊಂಡು ಹೊರಗೆ ನಡೆ ಎನ್ನುತ್ತಾಳೆ.

ಉಳಿದವನು ಲೋಂಡೋ. ಮೊದಲಿಗೆ ಅವನು ಬೇಸರದಿಂದ, ತನ್ನನ್ನು ತನ್ನ ಪಾಡಿಗೆ ಬಿಟ್ಟರೆ ಸಾಕು ಎನ್ನುತ್ತಾನೆ. ಅಷ್ಟೇನಾ ಎಂದು ಮೋರ್ಡನ್ ಮತ್ತೆ ಕೆಣಕಿದಾಗ, ಇಷ್ಟು ಹೊತ್ತೂ ವಿದೂಷಕನಂತಿದ್ದವನ ಒಳಗಿನಿಂದ ಬೇರೊಂದು ಧ್ವನಿ ಹೊರಡುತ್ತದೆ. ತನ್ನ ಜನ ತಮಗೆ ಸಲ್ಲಬೇಕಾದ ಸ್ಥಾನವನ್ನು ಮರಳಿ ಪಡೆಯಬೇಕು, ಮತ್ತೆ ಕೈಚಾಚಿ ನಕ್ಷತ್ರಗಳನ್ನು ಆಳಬೇಕು, ಹಿಂದೆ ನೋಡಲೂ ಮುಂದೆ ನೋಡಲೂ ಹೆದರಿ ಓಡುತ್ತಿರುವ ಈ ಬದುಕು ತನಗೆ ಸಾಕಾಗಿದೆ, ಎಲ್ಲವೂ ಮೊದಲಿನಂತೆಯೇ ತನಗೆ ಮರಳಿ ಬೇಕು. ಮಾತು ಏರುತ್ತಾ ಹೋಗಿ ಕೊನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಅವನಿಗೆ ತನ್ನ ಬಾಯಿಂದ ಇದೆಲ್ಲ ಬಂದಿತೇ ಎಂಬ ಬೆರಗು. ಮೋರ್ಡನ್‌ನ ಮುಖದಲ್ಲಿ, ಹುಡುಕಿದ್ದು ಸಿಕ್ಕಿತೆಂಬ ತೃಪ್ತಿ.

‘ತಮಾ, ಅದನ್ನು ಇನ್ನೊಮ್ಮೆ ಹಾಕು’ ಎಂದರು ದೊಡ್ಡಪ್ಪ. ಎರಡನೆಯ ಸಲ ಅವರು ಕಣ್ಣು ಮುಚ್ಚಿ ಕೇಳಿದರು. ಬಳಿಕ ಹೇಳಿದರು: ‘ಜಿಕಾರ್ ಕೇಳಿದ್ದು ಸಿಟ್ಟಿನಿಂದ. ಸಿಟ್ಟು ತೀರಿದ ಮೇಲೆ ಅವನಿಂದ ಯಾವ ಕೆಲಸವನ್ನೂ ಮಾಡಿಸಲಿಕ್ಕಾಗುವುದಿಲ್ಲ. ಇವನು ಕೇಳಿದ್ದು ತನ್ನ ನಾಡಿನ ಮೇಲಿನ ಮೋಹದಿಂದ. ಅಸುರರು ಬ್ರಹ್ಮನ ಹತ್ತಿರ ವರ ಕೇಳುವಾಗ ಕನಿಷ್ಠ ತಪಸ್ಸನ್ನಾದರೂ ಮಾಡಿರುತ್ತಿದ್ದರು. ಇವನಿಗೆ ವರ ಕೊಡುವವನೇ ಮನೆಬಾಗಿಲಿಗೆ ಬಂದಿದ್ದಾನೆ. ಅಲ್ಲಿಯೇ ಅನುಮಾನ ಬರಬೇಕಿತ್ತು.’ ಈ ಕಂತಿನ ಬಗ್ಗೆ ನಾನು ಓದಿದ ಯಾವ ವಿಮರ್ಶೆಯಲ್ಲಿಯೂ ಆ ಇಬ್ಬರ ಉತ್ತರಗಳ ವ್ಯತ್ಯಾಸವನ್ನು ಇಷ್ಟು ನೇರವಾಗಿ ಹೇಳಿದ್ದು ನನಗೆ ಕಂಡಿಲ್ಲ. ಲೋಂಡೋನ ಮಾತಿನಲ್ಲಿ ಯಾರ ಸಾವಿನ ಬಯಕೆಯೂ ಇಲ್ಲ, ದ್ವೇಷದ ಒಂದು ಪದವೂ ಇಲ್ಲ. ತನ್ನ ಊರು ಮತ್ತೆ ದೊಡ್ಡದಾಗಲಿ ಎಂದು ಹಾರೈಸದವರು ಯಾರಿದ್ದಾರೆ? ಆದರೆ ಒಂದು ಸಾಮ್ರಾಜ್ಯ ಮೊದಲಿನಂತಾಗಬೇಕೆಂದರೆ ಅದರ ಕೆಳಗಿದ್ದವರೂ ಮೊದಲಿನಂತಾಗಬೇಕಾಗುತ್ತದೆ, ಮತ್ತು ಆ ಅರ್ಧ ಭಾಗ ಕೇಳುವವನ ಬಾಯಲ್ಲಿ ಬರುವುದೇ ಇಲ್ಲ.

ಕಂತಿನ ಉಳಿದ ಭಾಗದಲ್ಲಿ ಕಡಲ್ಗಳ್ಳರಂಥ ದಾಳಿಕೋರರಿದ್ದಾರೆ, ಹೋರಾಟ ವಿಮಾನಗಳ ಕಾದಾಟವಿದೆ, ನಿಲ್ದಾಣ ಬೆಂಕಿಯಲ್ಲಿ ನಾಶವಾಗುವುದನ್ನು ಮುಂಗಾಣುವ ಲೇಡಿ ಲಡೀರಾ ಎಂಬ ಮಹಿಳೆಯಿದ್ದಾಳೆ. ಅಂದಿನ ವೈಯಕ್ತಿಕ ಕಂಪ್ಯೂಟರುಗಳಲ್ಲಿ ರಚಿಸಿದ ಆ ಯುದ್ಧದೃಶ್ಯಗಳು ಆ ಕಾಲಕ್ಕೆ ದೊಡ್ಡ ಸಾಹಸವೇ ಆಗಿದ್ದವು. ಈಗ ನೋಡುವಾಗ ಅವುಗಳ ಹೊಳಪು ಮಾಸಿದೆ. ಕಥೆಗೆ ಬೇಕಾದ್ದು ಇಷ್ಟು: ಸೆಂಟಾರಿಗಳ ಮೊದಲ ಚಕ್ರವರ್ತಿಗೆ ಸೇರಿದ್ದ, ಬಹುಕಾಲದ ಹಿಂದೆ ಕಳೆದುಹೋಗಿದ್ದ ‘ಐ’ (ಕಣ್ಣು) ಎಂಬ ರಾಜಚಿಹ್ನೆಯನ್ನು ಲೋಂಡೋ ಹೇಗೋ ಮರಳಿ ಪಡೆದಿರುತ್ತಾನೆ, ಅದು ದಾಳಿಕೋರರ ಕೈಸೇರುತ್ತದೆ, ಕಪ್ಪು ಜೇಡದಂಥ ಹಡಗೊಂದು ಶೂನ್ಯದೊಳಗಿಂದ ಮೂಡಿ ದಾಳಿಕೋರರ ಹಡಗನ್ನು ಸೀಳಿಹಾಕಿ ಮಾಯವಾಗುತ್ತದೆ. ಮಾನ ಹೋಯಿತೆಂದು ಕುಸಿದು ಕುಳಿತ ಲೋಂಡೋನ ಮುಂದೆ ಮೋರ್ಡನ್ ಪೆಟ್ಟಿಗೆಯೊಂದನ್ನು ಇಟ್ಟು, ನಿಮಗೇ ಗೊತ್ತಿಲ್ಲದ ಗೆಳೆಯರ ಕಾಣಿಕೆ ಎಂದು ಹೇಳಿ ಹೋಗುತ್ತಾನೆ. ಒಳಗೆ ‘ಐ’ ಇದೆ. ಬೆಲೆಯ ಮಾತೇ ಇಲ್ಲ.

ಆ ಬೆಲೆ ಗೊತ್ತಾಗುವುದು ಎರಡನೆಯ ಸೀಸನ್ನಿನಲ್ಲಿ. 1996ರಲ್ಲಿ ವೈಜ್ಞಾನಿಕ ಕಥಾಲೋಕದ ಹ್ಯೂಗೋ ಪ್ರಶಸ್ತಿ ಪಡೆದ ‘ದ ಕಮಿಂಗ್ ಆಫ್ ಶಾಡೋಸ್’ ಕಂತಿನಲ್ಲಿ ಅದೇ ಗೆಳೆಯರ ನೆರವಿನಿಂದ ನಾರ್ನ್‌ಗಳ ಮೇಲೆ ಯುದ್ಧ ಆರಂಭವಾಗುತ್ತದೆ. ಮುಂದೆ ಅವರ ತಾಯ್ನೆಲದ ಮೇಲೆ ಬಾಹ್ಯಾಕಾಶದಿಂದ ಬಂಡೆಗಳನ್ನು ಎಸೆದು ನಗರಗಳನ್ನು ಪುಡಿಗಟ್ಟುವಾಗ ಲೋಂಡೋ ಹಡಗಿನ ಕಿಟಕಿಯಲ್ಲಿ ನಿಂತು ನೋಡುತ್ತಿರುತ್ತಾನೆ. ಆ ಮುಖವನ್ನು ಈ ಹದಿಮೂರನೆಯ ಕಂತಿನ ಮುಖದ ಪಕ್ಕದಲ್ಲಿಟ್ಟು ನೋಡದೆ ಬ್ಯಾಬಿಲಾನ್ 5 ಪೂರ್ತಿ ಅರ್ಥವಾಗುವುದಿಲ್ಲ ಎಂಬುದು ನನ್ನ ನಂಬಿಕೆ. ಒಂದು ಕಂತು ಮುಗಿದರೆ ಎಲ್ಲವೂ ಮೊದಲಿನ ಸ್ಥಿತಿಗೆ ಮರಳುವುದೇ ಹೆಚ್ಚಾಗಿ ರೂಢಿಯಲ್ಲಿದ್ದ ಕಾಲದಲ್ಲಿ, ಆಡಿದ ಮಾತಿಗೆ ವರ್ಷಗಟ್ಟಲೆ ಕಂದಾಯ ಕಟ್ಟಿಸಿದ ಧಾರಾವಾಹಿ ಇದು.

ಊಟಕ್ಕೆ ಕುಳಿತಾಗ ದೊಡ್ಡಪ್ಪನಿಗೆ ಲೋಂಡೋನ ಮೇಲೆ ಸಿಟ್ಟಿರಲಿಲ್ಲ. ಅವರ ತಕರಾರೆಲ್ಲ ಇದ್ದದ್ದು ವೋರ್ಲಾನ್ ಎಂಬ ಪುರಾತನ ಜನಾಂಗದ ರಾಯಭಾರಿ ಕೋಶ್‌ನ ಮೇಲೆ. ಸದಾ ಕವಚದೊಳಗೇ ಇರುವ ಕೋಶ್, ಮೋರ್ಡನ್‌ನನ್ನು ದಾರಿಯಲ್ಲಿ ತಡೆದು, ಈ ಜಾಗ ಬಿಟ್ಟು ಹೋಗು, ಇವರು ನಿಮಗಾಗಿ ಇರುವವರಲ್ಲ ಎಂದು ಗದರುತ್ತಾನೆ. ‘ಬಂದವನು ಯಾರೆಂದು ಅವನಿಗೆ ಗೊತ್ತಿತ್ತು. ಬಂದವನಿಗೆ ಹೋಗು ಎಂದವನು, ಲೋಂಡೋನಿಗೆ ಎಚ್ಚರವಾಗಿರು ಎಂದು ಏಕೆ ಹೇಳಲಿಲ್ಲ? ಬಲ್ಲವನಾಗಿ ಸುಮ್ಮನಿದ್ದರೆ ಅವನಿಗೂ ಪಾಲಿಲ್ಲವೇ?’ ಎಂದು ಅವರು ಕೇಳಿದರು. ಮುಂದಿನ ಕಥೆ ಗೊತ್ತಿದ್ದ ನಾನು ಅಂದು ಉತ್ತರಿಸಲಿಲ್ಲ, ಏಕೆಂದರೆ ಸ್ಟ್ರಾಜಿನ್ಸ್‌ಕಿ ಇದೇ ಆರೋಪವನ್ನು ನಾಲ್ಕನೆಯ ಸೀಸನ್ನಿನವರೆಗೂ ಕಾಪಿಟ್ಟುಕೊಂಡಿದ್ದಾರೆ: ಮೋರ್ಡನ್‌ನನ್ನು ಕಳಿಸಿದ, ‘ನಿಮಗೇನು ಬೇಕು’ ಎಂದು ಕೇಳುವ ಶಾಡೋಗಳೆಂಬ ಪುರಾತನ ಜನಾಂಗವನ್ನೂ, ‘ನೀವು ಯಾರು’ ಎಂದು ಕೇಳುವ ವೋರ್ಲಾನರನ್ನೂ ಎದುರುಬದುರು ನಿಲ್ಲಿಸಿ, ನಿಮ್ಮಿಬ್ಬರ ಪಾಠವೂ ನಮಗೆ ಬೇಡ, ಇಲ್ಲಿಂದ ಹೊರಡಿ ಎಂದು ಮನುಷ್ಯರಂಥ ಕಿರಿಯ ಜನಾಂಗಗಳೆಲ್ಲ ಸೇರಿ ಹೇಳಿಬಿಡುತ್ತವೆ. ದೊಡ್ಡಪ್ಪ ಊರಿಗೆ ಹೊರಡುವಾಗ ಉಳಿದ ಕಂತುಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಡಲು ಹೇಳಿದರು, ಕೋಶ್ ಏನು ಉತ್ತರ ಕೊಡುತ್ತಾನೋ ನೋಡಬೇಕಂತೆ.