ಹತ್ತೇ ಹತ್ತು ವಿಷ ಸಾಕು ಗುರು

ಭಾನುವಾರ ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ಕೊಂಡು ಫ್ರೆಂಡ್ ಮನೆ ಮಹಡೀಲಿ ಕೂತು ಮ್ಯಾಜಿಕ್ ಆಡೋದು ನಮ್ಮ ನಾಲ್ಕು ಜನರ ಅಭ್ಯಾಸ, ಸೋತೋನು ಮುಂದಿನ ವಾರದ ಇಡ್ಲಿ ಬಿಲ್ ಕೊಡ್ಬೇಕು. ಮ್ಯಾಜಿಕ್ ಅಂದ್ರೆ ಟೋಪಿಯಿಂದ ಮೊಲ ತೆಗೆಯೋದಲ್ಲ ಮತ್ತೆ, ಮ್ಯಾಜಿಕ್ ದಿ ಗ್ಯಾದರಿಂಗ್, 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಮಾಡಿದ ಕಾರ್ಡ್ ಗೇಮು. ಎಲ್ಲಾ ಒರಿಜಿನಲ್ ತಗೊಳ್ಳೋಷ್ಟು ದುಡ್ಡು ನಮ್ಮತ್ರ ಎಲ್ಲಿ, ಅರ್ಧ ಡೆಕ್ ಕಲರ್ ಜೆರಾಕ್ಸೇ. ಮೊನ್ನೆ ಜೆರಾಕ್ಸ್ ಅಂಗಡಿ ಅಣ್ಣ ಬಿಸಿಬಿಸಿ ಹಾಳೆ ಎತ್ತಿ ಹಿಡ್ಕೊಂಡು "ಏನಪ್ಪಾ ಇದು, ದೆವ್ವದ ಮನೆ ಲಗ್ನಪತ್ರಿಕೆನಾ?" ಅಂದ್ರು.

ಅವ್ರು ನೋಡಿದ್ದು ಫೈರೆಕ್ಸಿಯನ್ನರನ್ನ. ಈ ಗೇಮಿನ ಪಕ್ಕಾ ಖಳರು, ಅರ್ಧ ಮಾಂಸ ಅರ್ಧ ಲೋಹ, ಅವ್ರ ಎಣ್ಣೆ ಸೋಕಿದ್ರೆ ನೀವೂ ನಿಧಾನಕ್ಕೆ ಅವ್ರ ಕಡೆ. ಮಿರೊಡಿನ್ ಅಂತ ಒಂದು ಲೋಕಾನೇ ನುಂಗಿ 2011ರಲ್ಲಿ ಅದಕ್ಕೆ ನ್ಯೂ ಫೈರೆಕ್ಸಿಯಾ ಅಂತ ಬೋರ್ಡ್ ಹಾಕ್ಕೊಂಡ್ರು. ನಂಗೆ ಇವ್ರೇ ಇಷ್ಟ.

ಮಾಮೂಲಿ ಆಟದಲ್ಲಿ ಎದುರಾಳಿಯ 20 ಲೈಫ್ ಇಳಿಸ್ಬೇಕು. ಫೈರೆಕ್ಸಿಯನ್ನರ ದಾರಿನೇ ಬೇರೆ, 10 ಪಾಯಿಸನ್ ಕೌಂಟರ್ (ವಿಷದ ಗುರುತು) ಏರ್ಸಿದ್ರೆ ಆಟ ಮುಗೀತು, ಅವನ ಲೈಫ್ ಇನ್ನೂ 20 ಇದ್ರೂ ಅಷ್ಟೆ. ಲೈಫ್ ಎಷ್ಟು ಜಾಸ್ತಿ ಮಾಡ್ಕೊಂಡ್ರೂ ವಿಷ ಇಳಿಯಲ್ಲ.

ನನ್ನ ಡೆಕ್‌ನ ಜೀವ ಗ್ಲಿಸ್ನರ್ ಎಲ್ಫ್. ಒಂದು ಹಸಿರು ಮಾನಾಗೆ (ಮಾನಾ ಅಂದ್ರೆ ಲ್ಯಾಂಡ್ ಕಾರ್ಡ್ ಕೊಡೋ ಶಕ್ತಿ, ಬೇರೆ ಕಾರ್ಡ್ ಆಡೋಕೆ ಬೇಕು) ಬರೋ 1/1 ಪುಟಾಣಿ, ಹೊಡೆತ 1, ತಡ್ಕೊಳ್ಳೋ ತಾಕತ್ತು 1. ಇನ್ಫೆಕ್ಟ್ ಇದೆ, ಅಂದ್ರೆ ಅದು ಆಟಗಾರನಿಗೆ ಕೊಡೋ ಡ್ಯಾಮೇಜೆಲ್ಲಾ ವಿಷವಾಗೇ ಹೋಗುತ್ತೆ. ಪರೀಕ್ಷಿತನ ಕಥೆ ಗೊತ್ತಲ್ಲ, ಅಷ್ಟೊಂದು ಕಾವಲಿದ್ರೂ ತಕ್ಷಕ ಹಣ್ಣೊಳಗೆ ಹುಳ ಆಗಿ ಹೋಗಿ ಕಚ್ಚೋ ಹೊತ್ತಿಗೆ ತಾನೇ ತನ್ನ ರೂಪ ತೋರ್ಸಿದ್ದು, ಇದೂ ಸೇಮ್. ಅಟ್ಯಾಕ್ ಮಾಡಿ, ಅವನು ಬ್ಲಾಕ್ ಮಾಡಲ್ಲ ಅಂತ ಬಿಟ್ಮೇಲೆ ಜಯಂಟ್ ಗ್ರೋತ್ ಹಾಕಿ, ಒಂದೊಂದು ಕಾರ್ಡಿಗೂ ಎಲ್ಫ್ +3/+3 ಬೆಳೆಯುತ್ತೆ. ಮೂರು ಫಾರೆಸ್ಟ್ (ಹಸಿರು ಮಾನಾ ಕೊಡೋ ಲ್ಯಾಂಡ್) ಇದ್ದು ಕೈಯಲ್ಲಿ ಮೂರು ಜಯಂಟ್ ಗ್ರೋತ್ ಇದ್ರೆ 1+3+3+3, ಕರೆಕ್ಟಾಗಿ ಹತ್ತು. ಮೂರನೇ ಟರ್ನಿಗೇ ಮನೆಗೆ ಕಳಿಸಬಹುದು.

ಹೊಸಬರು ಬ್ಲಾಕ್ ಆಗೋಕೆ ಮುಂಚೇನೇ ಪಂಪ್ ಮಾಡಿ, ಅಂದ್ರೆ ಎಲ್ಫ್‌ನ ದೊಡ್ಡದು ಮಾಡಿ, ಎಲ್ಲಾ ಹಾಳ್ಮಾಡ್ತಾರೆ, ಇಲ್ಲಾ ಎದುರಾಳಿ ಲ್ಯಾಂಡ್ ಬಳಸ್ದೆ ಉಳಿಸ್ಕೊಂಡಿರೋದು ನೋಡಲ್ಲ. ನೀವು ಜಯಂಟ್ ಗ್ರೋತ್ ಹಾಕ್ತಿದ್ದಂಗೆ ಅವನು ಲೈಟ್ನಿಂಗ್ ಬೋಲ್ಟ್ ಹಾಕಿದ ಅಂದ್ಕೊಳ್ಳಿ. ಇಡ್ಲಿ ಸ್ಟ್ಯಾಂಡ್ ಥರ, ಕೊನೇಲಿ ಇಟ್ಟ ತಟ್ಟೆ ಮೊದ್ಲು ಈಚೆ ಬರುತ್ತೆ, ಹಂಗಾಗಿ ಬೋಲ್ಟ್ ಮೊದ್ಲು, 3 ಡ್ಯಾಮೇಜಿಗೆ 1/1 ಎಲ್ಫ್ ಫಿನಿಶ್, ನಿಮ್ಮ ಎರಡು ಕಾರ್ಡ್ ಅವನ ಒಂದಕ್ಕೆ ಹೋಯ್ತು. ಅದೇ ನೀವು ಬೋಲ್ಟ್ ಮೇಲೆ ಇನ್ನೊಂದು ಜಯಂಟ್ ಗ್ರೋತ್ ಹೇರಿದ್ರೆ ಎಲ್ಫ್ ಮೊದ್ಲು 4/4 ಆಗಿ ಬೋಲ್ಟ್ ತಡ್ಕೊಳ್ಳುತ್ತೆ, ಆಮೇಲೆ ಕೆಳಗಿದ್ದಿದ್ದೂ ಸೇರಿ 7/7. ಹಾಗಾಗಿ ಒಂದೇ ಪಂಪ್ ಇಟ್ಕೊಂಡು ದುಡುಕಬೇಡಿ. ವೈನ್ಸ್ ಆಫ್ ವಾಸ್ಟ್‌ವುಡ್ ಇದ್ರಂತೂ ಇನ್ನೂ ಆರಾಮ, ಆ ಟರ್ನಲ್ಲಿ ಎದುರಾಳಿ ನಿಮ್ಮ ಎಲ್ಫ್‌ನ ಟಾರ್ಗೆಟ್ಟೇ ಮಾಡಂಗಿಲ್ಲ.

2023ರಲ್ಲಿ ಬಂದ ಹೊಸ ಸೆಟ್ಟಲ್ಲಿ ಇನ್ಫೆಕ್ಟ್ ಬದ್ಲು ಟಾಕ್ಸಿಕ್ ಕೊಟ್ರು. ನಾನು ಸರಿಯಾಗಿ ಓದ್ದೆ ಯಶವಂತಪುರ ಟ್ರೈನಲ್ಲಿ ಮೊಬೈಲಲ್ಲಿ ಟಾಕ್ಸಿಕ್ ಡೆಕ್ ಕಟ್ಟಿ ತುಂಬಾ ಪಂಪ್ ತುಂಬಿದ್ದೆ, ದಡ್ಡ ನನ್ಮಗ. ಟಾಕ್ಸಿಕ್ 1 ಅಂದ್ರೆ ಎಷ್ಟೇ ದೊಡ್ಡದು ಮಾಡಿ ಹೊಡೆದ್ರೂ ಒಂದು ಹೊಡೆತಕ್ಕೆ ಒಂದೇ ವಿಷ. ಅಲ್ಲಿ ಒಂದು ಕೌಂಟರ್ ಹಾಕ್ಬಿಟ್ಟು ಪ್ರೊಲಿಫರೇಟ್ ಮಾಡ್ತಾ (ಇರೋ ಕೌಂಟರಿಗೆ ಇನ್ನೊಂದು ಸೇರ್ಸ್ತಾ) ಹಾಲಿಗೆ ಹೆಪ್ಪು ಹಾಕಿದಂಗೆ ಕಾಯ್ಬೇಕು. ನಂಗೆ ಅಷ್ಟು ತಾಳ್ಮೆ ಇಲ್ಲ.

ನಾಲ್ಕು ಜನ ಒಟ್ಟಿಗೆ ಆಡೋ ಕಮಾಂಡರ್ ಅನ್ನೋ ಬಗೆ ಆಡೋವಾಗ ಮಾತ್ರ ಇನ್ಫೆಕ್ಟ್ ಡೆಕ್ ತರಬೇಡಿ. ಎಲ್ರಿಗೂ ಲೈಫ್ 40, ವಿಷ ಮಾತ್ರ ಅದೇ 10, ಹಂಗಾಗಿ ಮೂರೂ ಜನ ಸೇರ್ಕೊಂಡು ನಿಮ್ಮನ್ನೇ ಮೊದ್ಲು ಎತ್ತಾಕ್ತಾರೆ.

ಹೋದ್ವಾರ ನಮ್ಮ ಗ್ಯಾಂಗಿನ ಒಬ್ಬನ ಜೊತೆ ಆಡ್ತಿದ್ದೆ, ಅವನಿಗೆ ಆಗ್ಲೇ 3 ವಿಷ ಏರ್ಸಿದ್ದೆ, ನನ್ನ ಎಲ್ಫ್ ಬ್ಲಾಕ್ ಆಗ್ಲಿಲ್ಲ, ಕೈಯಲ್ಲಿ ಎರಡು ಜಯಂಟ್ ಗ್ರೋತ್, ಕರೆಕ್ಟಾಗಿ ಏಳು. ಆದ್ರೆ ಅವನ ಮುಂದೆ ಬಳಸ್ದೆ ಉಳಿಸಿದ್ದ ಎರಡು ಮೌಂಟನ್ (ಬೋಲ್ಟಿಗೆ ಬೇಕಾದ ಕೆಂಪು ಮಾನಾ ಕೊಡೋ ಲ್ಯಾಂಡ್), ಕೈಯಲ್ಲಿ ಎರಡು ಕಾರ್ಡು, ಮುಖದಲ್ಲಿ ಒಂಥರಾ ನಗು. ಎರಡೂ ಬೋಲ್ಟೇ ಇದ್ರೆ ಗತಿ ಏನು ಅಂತ ಹೆದ್ರಿ ಪಂಪ್ ಮಾಡ್ದೆ ಒಂದೇ ವಿಷ ಕೊಟ್ಟು ಸುಮ್ನಾದೆ. ಅವನ ಸರದಿಲಿ ಎಳೆದ ಕಾರ್ಡು ಬೋಲ್ಟ್, ನನ್ನ ಲೈಫ್ ಇದ್ದಿದ್ದು ಮೂರೇ, ಆಟ ಮುಗೀತು. ಕೈಯಲ್ಲಿದ್ದ ಎರಡೂ ತೋರ್ಸಿದ, ಎರಡೂ ಮೌಂಟನ್ನೇ.

"ಲೋ, ಮೊದ್ಲೇ ಬೋಲ್ಟ್ ಇದ್ದಿದ್ರೆ ನಿನ್ನ ಮೂರು ಲೈಫಿಗೇ ಹೊಡೀತಿರ್ಲಿಲ್ವೇನೋ?" ಅಂದ.

ಈ ಭಾನುವಾರ ಬಿಲ್ ನಂದು. ಅವನು ಈಗ್ಲೇ ಎಕ್ಸ್ಟ್ರಾ ಬೆಣ್ಣೆ ಹೇಳಿದಾನೆ.