ನೆರೆಮನೆಯ ಅಕ್ಷರಗಳು

ಬದಿಯಡ್ಕದ ಮಾವನವರು ಇಪ್ಪತ್ತು ವರ್ಷಗಳ ಹಿಂದೆ ಟೈಪ್ ಮಾಡಿಸಿದ್ದ ತಾಳಮದ್ದಳೆಯ ಆಮಂತ್ರಣದ ಫೈಲನ್ನು ನಿನ್ನೆ ಕಳುಹಿಸಿ, "ಇದೊಮ್ಮೆ ಓದುವ ಹಾಗೆ ಮಾಡಿಕೊಡು ಮಾರಾಯ" ಎಂದರು. ಮೊಬೈಲಿನಲ್ಲಿ ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ.

ಫೈಲು ಕೆಟ್ಟಿರಲಿಲ್ಲ. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದುದರಿಂದ, ಆ ಫಾಂಟ್ ಇಲ್ಲದ ಕಡೆ ವೇಷ ಕಳಚಿ ಒಳಗಿನದೇ ಕಾಣುತ್ತದೆ. ಅದನ್ನು ಯುನಿಕೋಡ್‌ಗೆ, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಈಗಿನ ವ್ಯವಸ್ಥೆಗೆ, ಬದಲಿಸುವ ಪರಿವರ್ತಕಕ್ಕೆ ಹಾಕಿದಾಗ 'ಕರ್ಣಪರ್ವ'ವು 'ಕಣರ್ಪವರ್' ಆಗಿ ಬಂತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಇಡುತ್ತಿದ್ದರು. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮದಂತೆ ರಕಾರ ಮೊದಲು ಬರಬೇಕು. ಆದ್ದರಿಂದ ಪರಿವರ್ತಿಸಿದ ಮೇಲೆ ಅರ್ಕಾವತ್ತುಗಳನ್ನಾದರೂ ಒಮ್ಮೆ ಕಣ್ಣಿಟ್ಟು ನೋಡಿ, ಮೂಲ ಫೈಲನ್ನು ಮಾತ್ರ ಅಳಿಸಬೇಡಿ.

ಯುನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ಮೀಸಲಾಗಿದ್ದು, 3328ರಿಂದ ಮಲಯಾಳದ ಸ್ಥಾನಗಳು ಆರಂಭವಾಗುತ್ತವೆ. ಕನ್ನಡದ 'ಕ' 3221ರಲ್ಲಿದ್ದರೆ ಮಲಯಾಳದ 'ಕ' ಸರಿಯಾಗಿ 128 ಮನೆ ದಾಟಿ 3349ರಲ್ಲಿದೆ. ನಮ್ಮ ಕಾಸರಗೋಡಿನ ಅಂಗಡಿ ಫಲಕಗಳಂತೆ ಒಂದೇ ಫೈಲಿನಲ್ಲಿ ಎರಡೂ ಲಿಪಿಗಳು ಜಗಳವಿಲ್ಲದೆ ಇರುವುದಕ್ಕೆ, ಹುಡುಕಿದರೆ ಸಿಗುವುದಕ್ಕೆ ಈ ಬೇರೆ ಬೇರೆ ಸಂಖ್ಯೆಗಳೇ ಕಾರಣ.

ತಿದ್ದಿದ ಆಮಂತ್ರಣವನ್ನು ಕಳುಹಿಸಿದ್ದೇನೆ. ಮಾವನವರಿಗೆ ಅಕ್ಷರ ಸಣ್ಣದಾಯಿತಂತೆ.